ನೀಲಿ ಸುಣ್ಣದ ಮಣ್ಣು

ಬೆಳಗಿನ ಪೂಜೆಗೆ ನಾನು ಕೂರುವ ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಹೊರಗೆ ನಮ್ಮ ಹಿತ್ತಲು, ಹಿತ್ತಲಿನ ಅಂಚಿಗೆ ಎದೆಯೆತ್ತರದ ಗೋಡೆ, ಗೋಡೆಯ ಆಚೆ ಭಾಗೀರಥೀಬಾಯಿಯವರ ತರಕಾರಿ ಮಡಿಗಳು. ಬಾಗಲಕೋಟೆಯ ವಿದ್ಯಾಗಿರಿಯ ಏರಿನಲ್ಲಿ ನಮ್ಮ ಮನೆಯ ಕಟ್ಟೆ ಅವರ ಮನೆಗಿಂತ ನಾಲ್ಕು ಅಡಿ ಮೇಲಿದೆ. ಕುಳಿತಲ್ಲಿಂದಲೇ ಎಲ್ಲ ಕಾಣುತ್ತದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದೃಷ್ಟಿ ನಿಲ್ಲಿಸಬೇಕಾದ ಹೊತ್ತಿನಲ್ಲಿ ನನ್ನ ಕಣ್ಣು ಆ ಗೋಡೆಯನ್ನು ದಾಟಿ ಹೋಗುತ್ತಿತ್ತು. ಅವರ ಮೆಂತೆ ಎಷ್ಟು ಎದ್ದಿದೆ, ಮೂಲಂಗಿಯ ಎಲೆ ಎಷ್ಟು ಅಗಲವಾಗಿದೆ, ಬದನೆಗೆ ಹೊಸ ಹೂ ಬಂದಿದೆಯೇ ಎಂದು ನೋಡಿ ಬರುತ್ತಿತ್ತು. ಎಂಟನೆಯ ವಯಸ್ಸಿನಲ್ಲಿ ಅಯ್ಯನವರು ಲಿಂಗ ಕಟ್ಟಿದಂದಿನಿಂದ ನಾನು ಪೂಜೆ ತಪ್ಪಿಸಿದವನಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನೆರೆಮನೆಯ ಮೆಂತೆಯ ಮುಂದೆ ಸೋತೆ.

ನನ್ನ ಹೆಂಡತಿ ಬಸವೇಶ್ವರಿ ಹೋದ ವರ್ಷ ಮಾರ್ಗಶಿರದಲ್ಲಿ ಲಿಂಗೈಕ್ಯಳಾದಳು. ಕಮತಗಿಯ ನಮ್ಮ ಹೊಲದಲ್ಲಿ, ನನ್ನ ತಂದೆತಾಯಿಗಳ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದೆವು. ವರ್ಷದ ದಿನ ಅಯ್ಯನವರನ್ನು ಕರೆದು ಪ್ರಸಾದ ಮಾಡಿಸಬೇಕು, ಅವಳ ಎಡೆಗೆ ಅವಳದೇ ಮಡಿಯಲ್ಲಿ ಬೆಳೆದ ಮೆಂತೆಪಲ್ಯ ಇಡಬೇಕು ಎಂದು ನಾನು ಸಂಕಲ್ಪ ಮಾಡಿದ್ದೆ. ಸಂತೆಯಲ್ಲಿ ಕೊಂಡದ್ದಲ್ಲ, ಬೇರೆಯವರು ಕೊಟ್ಟದ್ದಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ಅದೇ ಮಡಿಯಿಂದ ಕಿತ್ತ ಹಸಿ ಸೊಪ್ಪನ್ನು ನನ್ನ ರೊಟ್ಟಿಯ ಮಗ್ಗುಲಿಗೆ ಇಟ್ಟಿದ್ದಳು. ಒಂದು ದಿನ ನಾನು ಅವಳಿಗೆ ಇಡುವುದು ದೊಡ್ಡ ಮಾತಲ್ಲ. ಆದರೆ ನನ್ನ ಮಡಿಯಲ್ಲಿ ಮೆಂತೆ ಏಳಲಿಲ್ಲ. ಮೂರು ಸಲ ಬಿತ್ತಿದೆ, ಮೂರು ಸಲವೂ ಏಳಲಿಲ್ಲ.

ವಿದ್ಯಾಗಿರಿಯ ನೆಲ ಗರಸು. ಗುದ್ದಲಿ ಹಾಕಿದರೆ ಕಲ್ಲಿಗೆ ಬಡಿದು ಕೈ ಝುಂ ಎನ್ನುತ್ತದೆ. ಆದ್ದರಿಂದ ಇಲ್ಲಿಗೆ ಬಂದ ವರ್ಷವೇ ಬಸವೇಶ್ವರಿ ಹಿತ್ತಲಿನಲ್ಲಿ ಚಪ್ಪಟೆ ಫರಸಿ ಕಲ್ಲುಗಳನ್ನು ನಿಲ್ಲಿಸಿ, ಮೊಣಕಾಲೆತ್ತರದ ಎರಡು ಮಡಿ ಕಟ್ಟಿಸಿದಳು. ಅವುಗಳಿಗೆ ಮಣ್ಣು ಹೊರಗಿನಿಂದ ಬರಬೇಕು. ಅವಳು ತಂದ ಮೊದಲ ಮಣ್ಣು ನಮ್ಮ ಹಳೆಯ ಮನೆಯದು. ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಹಳೇ ಬಾಗಲಕೋಟೆಯ ನಮ್ಮ ಮನೆ ಹೋಗುವ ಮುನ್ನ ನಾನು ತೊಲೆ, ಬಾಗಿಲು, ಕಿಟಕಿಗಳನ್ನು ಬಿಚ್ಚಿಸುತ್ತಿದ್ದರೆ ಅವಳು ಕೆಡವಿದ ಗೋಡೆಯ ಮಣ್ಣನ್ನು ಚೀಲಗಳಿಗೆ ತುಂಬಿಸುತ್ತಿದ್ದಳು.

“ಮಣ್ಣು ಒಯ್ದು ಏನ್ ಮಾಡ್ತಿ?” ಎಂದು ಕೇಳಿದ್ದೆ.

“ಹಾಳಮಣ್ಣುರಿ. ಗಿಡಕ್ಕ ಇದರಷ್ಟು ಛಲೋ ಮಣ್ಣು ಬ್ಯಾರೆ ಇಲ್ಲ. ನಮ್ಮವ್ವ ಹಳೀ ಮನಿ ಬಿದ್ದಲ್ಲೆಲ್ಲಾ ಬುಟ್ಟಿ ತಗೊಂಡು ಹೊಕ್ಕಿದ್ಲು,” ಎಂದಿದ್ದಳು.

ನಾನು ನಕ್ಕಿದ್ದೆ. ನಾನು ಆಗ ಬಸ್ ನಿಲ್ದಾಣದ ಕಂಟ್ರೋಲರ್. ಹುನಗುಂದ, ಇಳಕಲ್, ಬಾದಾಮಿ ಬಸ್ಸುಗಳ ಹೊತ್ತು ಗೊತ್ತಿತ್ತೇ ಹೊರತು ಮಣ್ಣಿನ ಗೊಡವೆ ನನಗಿರಲಿಲ್ಲ. ಒಂದು ಸಲ ಬಾದಾಮಿ ಬಸ್ಸಿನ ಕಂಡಕ್ಟರ್ ನನ್ನ ಕೋಣೆಗೆ ಬಂದು, “ಸಾಹೇಬ್ರ, ನಿಮ್ಮ ಮನಿಯವ್ರು ಬನಶಂಕರಿಗೆ ಹೋಗಿ ಪ್ರಸಾದದ ಬದಲಿ ಎರಡು ಚೀಲ ಕೆಂಪು ಮಸಾರಿ ಮಣ್ಣು ತಂದಾರ್ರಿ. ಲಗೇಜ್ ತಿಕೀಟ ಹರೀಲೋ ಬ್ಯಾಡೋ?” ಎಂದು ಎಲ್ಲರೆದುರು ಕೇಳಿದ. ನಿಲ್ದಾಣವೆಲ್ಲ ನಕ್ಕಿತು. ಚೀಲದ ಇನ್ನೊಂದು ಕಿವಿ ಹಿಡಿದು ಇಳಿದವರು ಭಾಗೀರಥೀಬಾಯಿ. ಇಬ್ಬರೂ ಕೆಂಪು ಧೂಳಿನಲ್ಲಿ ಮುಳುಗಿ, ಶಾಲೆ ತಪ್ಪಿಸಿದ ಹುಡುಗಿಯರಂತೆ ಕಿಲಕಿಲ ನಗುತ್ತಿದ್ದರು. ನನ್ನ ಜೊತೆ ಬಸವೇಶ್ವರಿ ಹಾಗೆ ನಕ್ಕದ್ದು ನೆನಪಿಗೆ ಬರಲಿಲ್ಲ. ನನ್ನ ಹೊಟ್ಟೆಯ ಕಿಚ್ಚಿನ ಮೊದಲ ಕಿಡಿ ಅದೇ ಇರಬೇಕು.

ಭಾಗೀರಥೀಬಾಯಿಯವರದು ವಿದ್ಯಾವಂತರ ಮನೆತನ. ಗಂಡ ಪಂಢರೀನಾಥರು ನಿವೃತ್ತ ಗಣಿತ ಮಾಸ್ತರರು. ನಾವು ಲಿಂಗ ಕಟ್ಟಿದವರು, ಅವರು ಪಂಢರಪುರಕ್ಕೆ ವಿಠ್ಠಲನ ವಾರಿಗೆ ಹೋಗುವವರು. ಆದರೂ ದಿನವೂ ಇಳಿಹೊತ್ತಿಗೆ ಗೋಡೆಯ ಈಚೆಗೊಬ್ಬಳು, ಆಚೆಗೊಬ್ಬಳು ನಿಂತರೆ ದೀಪ ಹಚ್ಚುವ ಹೊತ್ತಾದರೂ ಮಾತು ಮುಗಿಯುತ್ತಿರಲಿಲ್ಲ. ಇವಳಿಗೆ ಅವರು ಭಾಗಕ್ಕ, ಅವರಿಗೆ ಇವಳು ಬಸಕ್ಕ. ಗೊಬ್ಬರ ಜರಡಿ ಹಿಡಿಯುವುದು, ಬೇವಿನ ಎಲೆ ಕೂಡಿಹಾಕುವುದು, ಜೋಳದ ಕಣಿಕೆ ಕತ್ತರಿಸಿ ಮಡಿಯ ತಳಕ್ಕೆ ಹಾಸುವುದು, ಎಲ್ಲ ಇಬ್ಬರೂ ಕೂಡಿಯೇ. ನಾನು ಕೆಮ್ಮಿದರೆ ಬಸವೇಶ್ವರಿ, “ಬಂದೆರಿ,” ಎನ್ನುವಳು. ಬರುತ್ತಿರಲಿಲ್ಲ.

ಇಷ್ಟನ್ನು ಸಹಿಸಬಹುದಿತ್ತು. ಸಹಿಸಲಾಗದ ಮಾತೊಂದು ಬೇರೆ ಇದೆ.

ದವಾಖಾನೆಯಲ್ಲಿ ಕೊನೆಯ ದಿನ ಅವಳಿಗೆ ಸ್ವಲ್ಪ ಎಚ್ಚರ ಬಂತು. ನಾನು ಚಮಚದಿಂದ ನೀರು ಹಾಕುತ್ತಿದ್ದೆ. ಅವಳು ನನ್ನ ಮುಖ ನೋಡಿದಳು. ನಲವತ್ತೆಂಟು ವರ್ಷದ ಸಂಸಾರ. ಏನೋ ಹೇಳುತ್ತಾಳೆ ಎಂದು ಬಾಗಿದೆ. ಅವಳು ಹೇಳಿದ್ದು ಇಷ್ಟು: “ಭಾಗಕ್ಕಗ ಹೇಳ್ರಿ... ಮಣ್ಣು ಒಣಗಿಸಬ್ಯಾಡ ಅಂತ. ಮ್ಯಾಲಿನ ಹೊದಿಕಿ ತಗೀಬ್ಯಾಡ ಅಂತ.” ಆಮೇಲೆ ಮಾತು ಬರಲಿಲ್ಲ.

ಅವಳ ಕೊನೆಯ ಮಾತು ನನಗಲ್ಲ. ನಾನು ಅದನ್ನು ಮುಟ್ಟಿಸಬೇಕಾದ ಜವಾನ. ನಾನು ಮುಟ್ಟಿಸಲಿಲ್ಲ. ಮಣ್ಣಿಗೆ ಬಂದವರಲ್ಲಿ ಭಾಗೀರಥೀಬಾಯಿಯವರೂ ಇದ್ದರು, ಸೆರಗು ಬಾಯಿಗೊತ್ತಿ ಹಿಂದೆ ನಿಂತಿದ್ದರು. ಆಗಲೂ ಹೇಳಲಿಲ್ಲ.

ಅವಳು ಹೋಗಿ ಒಂದು ತಿಂಗಳಾಗಿರಲಿಲ್ಲ. ಮಡಿಗಳ ಕಡೆ ನೋಡಿದರೆ ಮೇಲೆ ಒಣ ಎಲೆ, ಕೊಳೆತ ಕಣಿಕೆ, ಬೂದು ಬಣ್ಣದ ಪುಡಿಪುಡಿ ಮಣ್ಣು. ಕಸದಂತೆ ಕಂಡಿತು. ನಾನು ಕಮತಗಿಯವನು, ಎರೆ ಹೊಲದಲ್ಲಿ ಹುಟ್ಟಿದವನು. ನಮ್ಮ ಕಪ್ಪು ಎರೆ ಮಣ್ಣು ಅಂದರೆ ಬಿಳಿಜೋಳಕ್ಕೆ, ಕಡಲೆಗೆ ಹೆಸರಾದದ್ದು. ಒಮ್ಮೆ ಮಳೆ ಕುಡಿದರೆ ಸುಗ್ಗಿಯವರೆಗೆ ಹಸಿ ಹಿಡಿದಿಡುತ್ತದೆ. ಅವಳು ಈಗ ಮಲಗಿರುವುದೂ ಅದೇ ಮಣ್ಣಿನಲ್ಲಿ. ಮೂರು ಹಿಡಿ ನಾನೇ ಹಾಕಿ ಬಂದಿದ್ದೆ. ಈ ಕಲಬೆರಕೆಯನ್ನು ತೆಗೆಸಿ, ಅವಳ ಸಮಾಧಿಯ ಪಕ್ಕದ ಶುದ್ಧ ಎರೆ ತುಂಬಿದರೆ ಈ ಮಡಿ ಅವಳದಾಗುತ್ತದೆ, ಅದರಲ್ಲಿ ಇನ್ಯಾರ ಪಾಲೂ ಇರುವುದಿಲ್ಲ ಎಂದು ನನ್ನ ಲೆಕ್ಕ.

ಸರಕಿನ ಟಂಟಂ ಗಾಡಿ ಹೊಡೆಯುವ ಲಾಡಸಾಬನಿಗೆ ಹೇಳಿದೆ: “ಇದನ್ನೆಲ್ಲಾ ತಗದು ಎಲ್ಲಿಯಾದ್ರೂ ತಗ್ಗಿಗೆ ಸುರವಿ ಬಾ. ನಾ ಕಮತಗಿಗೆ ಹೋಗಿ ಮಣ್ಣು ತುಂಬಿಸಿ ಇಟ್ಟಿರ್ತೇನಿ, ನಾಳೆ ಅಲ್ಲಿಗೆ ಬಾ.”

“ಇದು ಛಲೋ ಮಣ್ಣು ಐತೆಲ್ರಿ ಸಾಹೇಬ್ರ,” ಎಂದ ಅವನು, ಬೆರಳಿನಿಂದ ಕೆದಕಿ. “ಹುಳಾ ನೋಡ್ರಿ ಎಷ್ಟ ಅದಾವು.”

“ನಿನಗ ಹೇಳಿದಷ್ಟು ಮಾಡು,” ಎಂದೆ.

ಮೊದಲ ಮಳೆಗೆ ಮೆಂತೆ ಬಿತ್ತಿದೆ. ಎರೆ ನೀರು ಕುಡಿಯಿತು, ಉಬ್ಬಿತು. ಉಬ್ಬಿದ ರಭಸಕ್ಕೆ ಒಂದು ಫರಸಿ ಕಲ್ಲು ಹೊರಕ್ಕೆ ವಾಲಿತು. ಕೆಳಗೆ ನೀರು ಇಳಿಯದೆ ಮೊಳಕೆ ಹಳದಿಯಾಗಿ ಕೊಳೆಯಿತು. ಶ್ರಾವಣದಲ್ಲಿ ಎರಡನೆಯ ಸಲ ಬಿತ್ತಿದಾಗ ಮಳೆ ಕೈಕೊಟ್ಟಿತು. ಮಡಿ ಒಣಗಿ ಕೈ ತೂರುವಷ್ಟು ಅಗಲಕ್ಕೆ ಬಿರಿಯಿತು, ಬೇರು ಹರಿದು ಸಸಿ ಸತ್ತವು. ಹೊಲದಲ್ಲಿ ಎರೆಗೆ ಆಳ ಇದೆ, ಅಗಲ ಇದೆ. ಮೊಣಕಾಲೆತ್ತರದ ಕಲ್ಲಿನ ಪೆಟ್ಟಿಗೆಯಲ್ಲಿ ಅದು ಬೇರೆಯೇ ಆಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಗೋಡೆಯ ಆಚೆ ಮಾತ್ರ ಅದೇ ಮಳೆಗೆ, ಅದೇ ಬಿಸಿಲಿಗೆ, ಮಡಿಗಳು ತುಂಬಿ ತುಳುಕುತ್ತಿದ್ದವು. ಮೊದಲೆಲ್ಲ ಅವರದಕ್ಕಿಂತ ನಮ್ಮದೇ ಮುಂದಿರುತ್ತಿತ್ತು. ಈ ವರ್ಷ ಅವರ ಹೊಸ ಮಡಿಯಲ್ಲಿ ಪುಂಡಿಪಲ್ಲೆ ಸೊಂಟದೆತ್ತರ ಬೆಳೆಯಿತು. ಭಾಗೀರಥೀಬಾಯಿ ಗೋಡೆಯ ಮೇಲೆ ಕಟ್ಟು ಇಟ್ಟು ನನ್ನ ಸೊಸೆಯನ್ನು ಕೂಗುವರು: “ಭುವನೇಶ್ವರೀ, ತಗೋ ಬಾರವಾ. ಹಕ್ಕರಕಿ ಸೊಪ್ಪೂ ಇಟ್ಟೇನಿ.”

“ನಮ್ಮಲ್ಲೂ ಐತಿ ಅಂತ ಹೇಳು,” ಎಂದು ನಾನು ಒಳಗಿನಿಂದ ಹೇಳುತ್ತಿದ್ದೆ.

“ನಮ್ಮಲ್ಲಿ ಏನ್ ಐತ್ರಿ ಮಾವಾರ? ಬಿರುಕು ಅದಾವು,” ಎನ್ನುವಳು ಭುವನೇಶ್ವರಿ. ಆದರೂ ನನಗೆ ಅಂಜಿ ಕಟ್ಟನ್ನು ಹಿಂದಕ್ಕೆ ಕೊಟ್ಟು ಬರುವಳು.

ಅವರ ಮೊಮ್ಮಗಳು ಪ್ರಾಚಿ ತೋಟಗಾರಿಕೆ ಓದುವ ಹುಡುಗಿ. ಒಂದು ದಿನ ಗೋಡೆಗೆ ಗದ್ದ ಊರಿ ನನ್ನನ್ನೇ ನೋಡುತ್ತಿದ್ದಳು. ನಾನು ಕುಳ್ಳು ಸುಟ್ಟ ಬೂದಿಯನ್ನು ಮಡಿಗೆ ಎರಚುತ್ತಿದ್ದೆ. ವಿಭೂತಿಗೆ ಬರುವ ಬೂದಿ ಅದು. ಹಣೆಗೆ ಪವಿತ್ರವಾದದ್ದು ಮಣ್ಣಿಗೆ ಕೇಡು ಮಾಡೀತೇ ಎಂದುಕೊಂಡಿದ್ದೆ.

“ಅಜ್ಜಾರ, ಬೂದಿ ಬ್ಯಾಡ್ರಿ,” ಎಂದಳು. “ಎರಿ ಮಣ್ಣಾಗ ಮೊದಲs ಕ್ಷಾರ ಭಾಳ. ಬೂದಿ ಹಾಕಿದ್ರ ಇನ್ನಷ್ಟು ಏರ್ತದ. ಎಲಿ ಹಳದಿ ಆಗ್ತಾವ.”

“ಬೂದಿ ಏನು ಅನ್ನೂದು ನನಗ ನೀ ಕಲಸಬ್ಯಾಡ,” ಎಂದೆ.

ಹುಡುಗಿ ಗೋಡೆಯಿಂದ ಸರಿದು ಹೋದಳು. ದೀಪಾವಳಿಗೆ ಮೂರನೆಯ ಸಲ ಬಿತ್ತಿದ ಮೆಂತೆ ಹಳದಿಯಾಗಿಯೇ ಹುಟ್ಟಿತು. ವರ್ಷದ ದಿನಕ್ಕೆ ಉಳಿದದ್ದು ಮೂವತ್ತು ದಿನ.

ಆಗ ಕಾರ್ತಿಕ ಏಕಾದಶಿ ಬಂತು. ಪಂಢರೀನಾಥ ದಂಪತಿಗಳು ಪ್ರಾಚಿಯನ್ನೂ ಕರೆದುಕೊಂಡು ಪಂಢರಪುರಕ್ಕೆ ಹೊರಟರು. ಹೊರಡುವ ಬೆಳಿಗ್ಗೆ ಮಾಸ್ತರರು ಗೇಟಿನ ಕೀಲಿ ಹಿಡಿದು ಬಂದರು.

“ಅಮಾತೆಪ್ಪನವರ, ನಾಕು ದಿನ ಗಿಡಕ್ಕ ನೀರು ಹಾಕ್ತೀರೇನು? ಇಕಿಗೆ ದೇವರ ಕಿಂತ ಬದನೀಕಾಯಿ ಚಿಂತಿನs ಹೆಚ್ಚಾಗ್ಯದ.”

ಹಿಂದೆ ನಿಂತ ಭಾಗೀರಥೀಬಾಯಿ, “ಹೊದಿಕಿ ಸರಿಸಬ್ಯಾಡ್ರಿ, ಮ್ಯಾಲಿಂದs ಹಾಕ್ರಿ,” ಎಂದರು.

ಹೊದಿಕೆ. ಅದೇ ಮಾತು. ಕೀಲಿ ತೆಗೆದುಕೊಂಡೆ.

ಮೊದಲ ದಿನ ನೀರು ಹಾಕಿದೆ. ಎರಡನೆಯ ದಿನ ಹಾಕಲಿಲ್ಲ. ಮರೆತದ್ದಲ್ಲ, ಕಿಟಕಿಯಲ್ಲಿ ಕುಳಿತು, ಲಿಂಗವನ್ನು ಕೈಯಲ್ಲಿಟ್ಟುಕೊಂಡು, ಬಿಸಿಲೇರಿದಂತೆ ಮೆಂತೆಯ ತಲೆ ಬಾಗುವುದನ್ನು ಕಾಯುತ್ತಿದ್ದೆ. ಆದರೆ ಅದು ಬಾಗಲಿಲ್ಲ. ಮಧ್ಯಾಹ್ನವಾದರೂ ನೆಟ್ಟಗೆ ನಿಂತಿತ್ತು. ನೀರಿಲ್ಲದೆಯೂ ನಿಲ್ಲುವ ಈ ಸೊಕ್ಕು ಎಲ್ಲಿಂದ ಬಂತು ಎಂದು ತಿಳಿಯಲೇಬೇಕಾಯಿತು. ಮನೆಯಲ್ಲಿ ಊಟವಾಗಿ ಎಲ್ಲರೂ ಮಲಗಿದ್ದರು. ಎರಡು ಬಕೆಟ್ಟು, ಕಳೆ ಕೀಳುವ ಒಂದು ಕುರ್ಪಿ ತೆಗೆದುಕೊಂಡು ಅವರ ಗೇಟು ತೆರೆದೆ.

ಆ ಮಣ್ಣನ್ನು ಕದ್ದು ತರುವುದೇ ನನ್ನ ಯೋಚನೆ. ಎರಡು ಬಕೆಟ್ಟು ಹೋದರೆ ಯಾರಿಗೆ ಗೊತ್ತಾಗುತ್ತದೆ? ನನ್ನ ಮಡಿಯ ಒಂದು ಮೂಲೆ ತುಂಬಿದರೆ ಎಡೆಗೆ ಸಾಕಾಗುವಷ್ಟು ಮೆಂತೆ ಬರುತ್ತದೆ. ದೇವರಿಗಾಗಿ ಮಾಡುವುದಲ್ಲವೇ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಒಪ್ಪಿತು. ಒಪ್ಪಬಾರದಿತ್ತು.

ಹೊಸ ಮಡಿಯ ಮೂಲೆಯಲ್ಲಿ ಎಲೆಯ ಹೊದಿಕೆ ಸರಿಸಿ ಕುರ್ಪಿ ಹಾಕಿದೆ. ಬೆಣ್ಣೆಗೆ ಹಾಕಿದಂತೆ ಇಳಿಯಿತು. ಒಂದು ಹಿಡಿ ಎತ್ತಿ ಹಿಸುಕಿದೆ, ಉಂಡೆಯಾಯಿತು. ಹೆಬ್ಬೆರಳಿನಿಂದ ಒತ್ತಿದೆ, ಉದುರಿತು. ಮೇಲೆ ಎರಡು ದಿನದ ಬಿಸಿಲಿದ್ದರೂ ಒಳಗೆ ತಂಪು. ಮೂಗಿಗೆ ಹಿಡಿದರೆ ಮೊದಲ ಮಳೆಯ ವಾಸನೆ. ನನ್ನ ಅಂಗೈಯಲ್ಲಿ ಎರೆಹುಳುವೊಂದು ಹೊರಳಿತು. ನಾನು ಮತ್ತೆ ಅಗೆದೆ. ಒಂದು ಬಕೆಟ್ಟು ತುಂಬಿತು. ಎರಡನೆಯದಕ್ಕೆ ಕೈ ಹಾಕಿದಾಗ ಉಗುರಿಗೆ ಗಟ್ಟಿಯಾದದ್ದು ತಾಗಿತು.

ಬೆರಳುಗುರಿನಷ್ಟು ಸುಣ್ಣದ ಚಕ್ಕೆ. ಒಂದು ಮಗ್ಗುಲು ಮಣ್ಣು, ಇನ್ನೊಂದು ಮಗ್ಗುಲು ನೀಲಿ.

ಆ ನೀಲಿ ನನಗೆ ಗೊತ್ತು. ಹಳೇ ಮನೆಯ ಪೂಜೆಯ ಕೋಣೆಗೆ ಪ್ರತಿ ಯುಗಾದಿಗೆ ಸುಣ್ಣ ಬಳಿಯುತ್ತಿದ್ದವನು ನಾನು. ಬಸವೇಶ್ವರಿ ನೀಲಿಯ ಪುಡಿಯನ್ನು ಅಳತೆಗೆ ಮೀರಿ ಸುರುವುತ್ತಿದ್ದಳು. “ಭಾಳ ಆತು,” ಎಂದರೆ, “ಮಬ್ಬಿಗೆ ಚಂದ ಕಾಣ್ತೈತ್ರಿ,” ಎನ್ನುವಳು. ಓಣಿಯಲ್ಲಿ ಅಷ್ಟು ಗಾಢ ನೀಲಿಯ ಗೋಡೆ ಇನ್ನೊಂದಿರಲಿಲ್ಲ. ಕೈಯಿಂದ ಕೆದಕಿದೆ. ಇನ್ನೊಂದು ಚಕ್ಕೆ. ಮತ್ತೊಂದು.

ನನ್ನ ಮನೆಯ ಗೋಡೆ ಇವರ ಮಡಿಯಲ್ಲಿತ್ತು.

ಕಳ್ಳತನಕ್ಕೆ ಬಂದ ನಾನೇ, ಕಳ್ಳರು ಸಿಕ್ಕರು ಎಂದುಕೊಂಡೆ. ಅಲ್ಲಿಂದಲೇ ಲಾಡಸಾಬನಿಗೆ ಫೋನು ಹಚ್ಚಿದೆ.

“ನಮ್ಮ ಹಿತ್ತಲ ಮಣ್ಣು ಎಲ್ಲಿ ಸುರವಿದೆಲೇ?”

“ವರ್ಷ ಆಗಾಕ ಬಂತಲ್ರಿ ಸಾಹೇಬ್ರ, ಈಗ್ಯಾಕ?”

“ಎಲ್ಲಿ ಸುರವಿದಿ?”

“ನೀವು ತಗ್ಗಿಗೆ ಅಂದ್ರಿ. ಗಾಡಿ ಹೊರಳಿಸೂದ್ರಾಗ ಪಕ್ಕದ ಬಾಯಾರು ಓಡಿ ಬಂದು ಅಡ್ಡ ನಿಂತ್ರು. ಬರಿಗಾಲಾಗ ಬಂದಿದ್ರರಿ. ‘ಒಂದು ಬುಟ್ಟಿನೂ ಚೆಲ್ಲಬ್ಯಾಡಪಾ, ಇಲ್ಲೇ ಹಾಕು’ ಅಂದ್ರು. ಅಳಾಕತ್ತಿದ್ರು. ಬಾಡಗಿ ಎರಡನೇ ಸಲ ಕೊಡಾಕ ಬಂದ್ರು, ನಾ ಒಲ್ಲೆ ಅಂದೆ. ತಪ್ಪಾತೇನ್ರಿ?”

ತಪ್ಪಾದದ್ದು ಯಾರಿಂದ ಎಂದು ಅವನಿಗೆ ಹೇಳಲಿಲ್ಲ. ಬಕೆಟ್ಟಿನ ಮಣ್ಣನ್ನು ಹಿಂದಕ್ಕೆ ಸುರಿಯುವುದಕ್ಕೂ ಕೈ ಏಳಲಿಲ್ಲ, ಮಡಿಯ ಪಕ್ಕದಲ್ಲೇ ಬಿಟ್ಟು ಬಂದೆ. ಇಪ್ಪತ್ತು ವರ್ಷ ಬಸವೇಶ್ವರಿ ಕಟ್ಟಿದ ಮಣ್ಣನ್ನು ನಾನು ಕಸವೆಂದು ಹೊರಹಾಕಿದ್ದೆ. ವರ್ಷವಿಡೀ ಯಾವ ಮೆಂತೆಯನ್ನು ಕಂಡು ಉರಿದೆನೋ ಅದು ಅವಳದೇ. ಅದು ತಿಳಿದ ಮೇಲೆ ಉರಿ ಆರಬೇಕಿತ್ತು. ಇನ್ನೂ ಹೆಚ್ಚಾಯಿತು. ನಾನು ಗುರುತಿಸದೆ ಹೋದದ್ದನ್ನು ಆ ಹೆಂಗಸು ಗಾಡಿಯ ಮೇಲೆ ನೋಡಿಯೇ ಗುರುತಿಸಿದ್ದರು.

ಉಳಿದೆರಡು ದಿನ ತಪ್ಪದೆ ನೀರು ಹಾಕಿದೆ. ಅಗೆದ ಗುಂಡಿ ಹಾಗೆಯೇ ಇತ್ತು. ಮುಚ್ಚಿ ಸುಳ್ಳು ಹೇಳುವಷ್ಟು ಬಲ ನನ್ನಲ್ಲಿ ಉಳಿದಿರಲಿಲ್ಲ.

ಅವರು ಬಂದ ದಿನ ಇಳಿಹೊತ್ತಿಗೆ ಕೀಲಿ ಕೊಡಲು ಹೋದೆ. ಭಾಗೀರಥೀಬಾಯಿ ಚೀಲ ಬಿಚ್ಚುವುದಕ್ಕೂ ಮೊದಲು ಹಿತ್ತಲಿಗೆ ಹೋಗಿದ್ದರು. ಹಣೆಯಲ್ಲಿ ವಿಠ್ಠಲನ ಕಪ್ಪು ಬುಕ್ಕಾದ ಬೊಟ್ಟು ಇನ್ನೂ ಇತ್ತು. ಗುಂಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ನೀರು ಹಾಕ್ರಿ ಅಂದ್ರ ಬಾವಿ ತೋಡೀರಲ್ರೀ ಕಂಟ್ರೋಲರ್ ಸಾಹೇಬ್ರ!”

ನಾನು ಜೇಬಿನಿಂದ ನೀಲಿ ಚಕ್ಕೆಯನ್ನು ತೆಗೆದು ಅಂಗೈಯಲ್ಲಿ ಹಿಡಿದೆ. ಅವರು ನೋಡಿದರು. ನಗು ಆರಿತು.

“ಇದು ನಮ್ಮ ಮನಿ ಮಣ್ಣು,” ಎಂದೆ.

“ಹೌದು, ನಿಮ್ಮ ಮನೀದs. ತಗ್ಗಿಗೆ ಹೊಂಟಿತ್ತು.”

“ನನಗ ಯಾಕ ಹೇಳಲಿಲ್ರಿ ಬಾಯಾರ?”

“ಏನಂತ ಹೇಳಲಿ? ಹೆಂಡತಿ ಹೋಗಿ ತಿಂಗಳಾಗಿಲ್ಲ, ನೀವು ಆಕಿ ಮಣ್ಣು ಹೊರಗ ಹಾಕೀರಿ, ಎಂಥಾ ಹುಚ್ಚ ನೀವು ಅಂತ ಹೇಳಲೇನು? ನಿಮ್ಮ ಮಾರಿ ನೋಡಿದ್ರ ಹೇಳೂ ಹಂಗಿದ್ದಿಲ್ಲ. ಆಮ್ಯಾಲೆ ನೀವು ಎರಿ ತಂದು ತುಂಬಿದ್ರಿ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡ್ಲಿಕ್ಕೆ ಛಲೋ ಮಣ್ಣದು, ಮೆಂತೇದ ಬೇರಿಗಲ್ಲ. ಬಸಕ್ಕ ಎಂದೂ ಒಂದು ಬುಟ್ಟಿಗಿಂತ ಹೆಚ್ಚು ಎರಿ ಹಾಕಿದಾಕಿ ಅಲ್ಲ.”

“ಹಂಗಾರ ನಮ್ಮ ಮಣ್ಣು ನಮಗ ಕೊಡ್ರಿ. ಆಕಿ ವರ್ಷದ ದಿನಕ್ಕ ಎಡಿಗೆ ಆಕಿ ಮಣ್ಣಿಂದು ಪಲ್ಯ ಇಡಬೇಕು.”

“ಕೊಡೂದಿಲ್ಲ,” ಎಂದರು ಭಾಗೀರಥೀಬಾಯಿ.

ಅಷ್ಟು ಚೊಕ್ಕವಾಗಿ ನನಗೆ ಯಾರೂ ಇಲ್ಲ ಎಂದಿರಲಿಲ್ಲ. ಒಳಗಿನಿಂದ ಪಂಢರೀನಾಥರು, “ಏನs ಅದು?” ಎಂದು ಕೂಗಿದರು. ಭಾಗೀರಥೀಬಾಯಿ ನನ್ನ ಕಡೆಗೇ ತಿರುಗಿದರು.

“ನಿಮಗ ಆಕಿ ಸಮಾಧಿ ಅದ. ಫೋಟೋ ಅದ. ಸತ್ತಾಗ ಊರ ಮಂದಿ ಬಂದು ನಿಮ್ಮ ಕೈ ಹಿಡದು ಸಮಾಧಾನ ಹೇಳಿದ್ರು. ನನಗ ಯಾರು ಹೇಳಿದ್ರು? ನಾ ಆಕಿಗೆ ಯಾರು? ಬಾಜೂ ಮನಿಯಾಕಿ. ದವಾಖಾನಿಗೆ ಬಂದ್ರ ‘ಮಲಗ್ಯಾಳ’ ಅಂತ ಬಾಗಲದಾಗಿಂದs ಕಳಿಸಿದ್ರಿ. ವರ್ಷದ ದಿನಾ ಹತ್ರ ಬಂತು ಅಂತ ಭುವನೇಶ್ವರಿ ಬಾಯಿಂದ ಗೊತ್ತಾತು, ನಿಮ್ಮ ಬಾಯಿಂದಲ್ಲ. ಖರೆ ಹೇಳ್ತೇನಿ, ನಿಮ್ಮನ್ನ ನೋಡಿದ್ರ ನನ್ನ ಹೊಟ್ಟಿ ಉರೀತದ. ಅಳಲಿಕ್ಕೆ ನಿಮಗ ಹಕ್ಕದ, ನನಗಿಲ್ಲ.” ಅವರು ಮಡಿಯ ಕಡೆ ಕೈ ತೋರಿಸಿದರು. “ಹೋಗೂ ಮುಂದ ಒಮ್ಮೆ ನನ್ನ ನೆನಿಸಿದ್ಲೋ ಇಲ್ಲೋ. ದಿನಾ ಈ ಮಣ್ಣು ತಿರುವಿಕೋತ ಅದನ್ನs ಕೇಳಕೋತೇನಿ.”

ವರ್ಷವೆಲ್ಲ ನಾನು ಗೋಡೆಯ ಈಚೆ ಕುಳಿತು ಉರಿದೆ. ಆಚೆಯಲ್ಲೂ ಅದೇ ಉರಿ ಇದ್ದದ್ದು ನನಗೆ ತಿಳಿಯಲಿಲ್ಲ. ಅವರು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ನಾನದನ್ನು ಕೊಡದೆ ಇಟ್ಟುಕೊಂಡಿದ್ದೆ. ಅದೊಂದನ್ನಾದರೂ ಅವರಿಗಿಂತ ಹೆಚ್ಚು ನನ್ನಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆ ಆಗಲೂ ನನ್ನನ್ನು ಜಗ್ಗಿತು. ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು.

“ನೆನಿಸಿದ್ಲುರಿ,” ಎಂದೆ.

ಅವರು ತಲೆ ಎತ್ತಿದರು.

“ಆಕಿ ಕಡೀ ಮಾತು ನಿಮಗs. ‘ಭಾಗಕ್ಕಗ ಹೇಳ್ರಿ, ಮಣ್ಣು ಒಣಗಿಸಬ್ಯಾಡ ಅಂತ, ಮ್ಯಾಲಿನ ಹೊದಿಕಿ ತಗೀಬ್ಯಾಡ ಅಂತ.’ ಅಷ್ಟs ಅಂದ್ಲು. ನನಗೇನೂ ಅನಲಿಲ್ಲ. ಅದಕ್ಕs ನಾ ಹೇಳಲಿಲ್ಲ.”

ಭಾಗೀರಥೀಬಾಯಿ ಫರಸಿ ಕಲ್ಲಿನ ಅಂಚಿನ ಮೇಲೆ ಕುಳಿತರು. ಆಮೇಲೆ ಬಾಗಿ, ನಾನು ಸರಿಸಿದ್ದ ಒಣ ಎಲೆಗಳನ್ನು ಒಂದೊಂದಾಗಿ ಎತ್ತಿ ಗುಂಡಿಯ ಸುತ್ತ ಹರಡತೊಡಗಿದರು.

“ನಾ ತಗದಿಲ್ಲ ಬಸಕ್ಕಾ,” ಎಂದರು. ನನಗಲ್ಲ. “ಇವರು ತಗದಾರ.”

ಎಲೆ ಹರಡಿ ಮುಗಿಸಿ, ನನ್ನತ್ತ ತಿರುಗದೆಯೇ, “ಈಗ ಹೋಗ್ರಿ,” ಎಂದರು. ನಾನು ಕೀಲಿಯನ್ನು ಕಟ್ಟೆಯ ಮೇಲಿಟ್ಟು ಬಂದೆ.

ಮರುದಿನ ಪೂಜೆಗೆ ಕುಳಿತಾಗ ಕಿಟಕಿ ಮುಚ್ಚಿದೆ. ಮುಚ್ಚಿದ ಕಿಟಕಿಯ ಹೊರಗೆ ಏನೋ ಸದ್ದಾಯಿತು. ಪೂಜೆ ಮುಗಿಸಿ ನೋಡಿದರೆ ಗೋಡೆಯ ಮೇಲೆ ಒಂದು ಬುಟ್ಟಿ, ತುಂಬ ಮಣ್ಣು, ಮೇಲೆ ಒದ್ದೆ ಗೋಣಿತಟ್ಟು. ಆಚೆ ಭಾಗೀರಥೀಬಾಯಿ ನಿಂತಿದ್ದರು. ಕಣ್ಣು ಊದಿದ್ದವು.

“ಇದು ಹೆಪ್ಪಿಗೆ,” ಎಂದರು. “ಇಷ್ಟs ಕೊಡೂದು. ಹಾಲಿಗೆ ಹೆಪ್ಪು ಹಾಕಿದ ಹಂಗ. ಉಳದದ್ದು ನೀವು ಮಾಡಕೋರಿ.”

“ಹೆಂಗ ಮಾಡಲಿ?”

“ಬಾದಾಮಿ ಬಸ್ ಯಾವಾಗ ಬಿಡ್ತದ ಅನ್ನೂದು ನಿಮಗ ಗೊತ್ತದೆಲ್ಲಾ? ಹೋಗಿ ಮಸಾರಿ ತರ್ರಿ. ನಾಕು ಬುಟ್ಟಿ ಮಸಾರಿ, ಎರಡು ಬುಟ್ಟಿ ಹಳೀ ತಿಪ್ಪಿ ಗೊಬ್ಬರ, ಎರಿ ಒಂದs ಬುಟ್ಟಿ. ಬೂದಿ ಹಚ್ಚಿದ ಮ್ಯಾಲಿನ ಮಣ್ಣು ಕೆತ್ತಿ ತಗೀರಿ. ತಳಕ್ಕ ಕಣಿಕಿ. ಗೊಬ್ಬರದಾಗ ಕೈ ಇಟ್ರ ಬಿಸಿ ಹತ್ತಬಾರದು, ವಾಸನಿ ಬರಬಾರದು. ಹಿಡಿ ಹಿಸುಕಿ ನೋಡೂದು ಗೊತ್ತೇನು?”

“ಗೊತ್ತು,” ಎಂದೆ. ಹೇಗೆ ಗೊತ್ತಾಯಿತು ಎಂದು ಅವರು ಕೇಳಲಿಲ್ಲ.

“ಎರಿ ಪೂರಾ ತಗದು ಒಗೀಬ್ಯಾಡ್ರಿ ಮತ್ತ,” ಎಂದರು ಕೊನೆಗೆ. “ಆಕಿ ಹೊಲದ್ದು ಅದು. ಒಂದು ಬುಟ್ಟಿ ಇರಲಿ.”

ನಾಲ್ಕು ದಿನ ಮಣ್ಣಿನಲ್ಲಿ ಕೆಲಸ ಮಾಡಿದೆ. ಬಾದಾಮಿಯ ಬಸ್ಸಿನಲ್ಲಿ ಎರಡು ಚೀಲ ಮಸಾರಿ ತಂದೆ; ಹೊಸ ಕಂಡಕ್ಟರ್ ನನ್ನನ್ನು ಗುರುತಿಸದೆ ಲಗೇಜ್ ಟಿಕೆಟ್ ಹರಿದ. ಗೊಬ್ಬರ ಜರಡಿ ಹಿಡಿದೆ. ಎರಡನೆಯ ದಿನ ಭುವನೇಶ್ವರಿ ಸೆರಗು ಕಟ್ಟಿ ಜೊತೆಗೆ ಬಂದಳು. ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ತಳಕ್ಕೆ ಕಣಿಕೆ ಹಾಸಿ, ಮಣ್ಣು ಬೆರೆಸಿ, ಒಂದು ಬುಟ್ಟಿ ಹೆಪ್ಪನ್ನು ಮೇಲೆ ಸಮನಾಗಿ ಹರಡಿದೆ. ಬೆರಳ ಸಂದಿಯಲ್ಲಿ ನೀಲಿ ಚಕ್ಕೆಗಳು ಸಿಕ್ಕವು. ಆರಿಸದೆ ಅಲ್ಲಿಯೇ ಬಿಟ್ಟೆ. ಮೆಂತೆ ಬಿತ್ತಿ ಬೇವಿನ ಎಲೆ ಹೊದಿಸಿದೆ. ಐದನೆಯ ದಿನ ಎಲೆ ಸರಿಸಿ ನೋಡಬೇಕೆಂದು ಕೈ ತುರಿಸಿತು. ತಗೀಬ್ಯಾಡ ಎಂದಿದ್ದಳಲ್ಲ. ತೆಗೆಯಲಿಲ್ಲ. ಮರುದಿನ ಮೊಳಕೆಗಳೇ ಎಲೆಗಳನ್ನು ಸರಿಸಿಕೊಂಡು ಬಂದವು, ಹಸಿರಾಗಿ.

ಆದರೂ ದಿನ ಸಾಲಲಿಲ್ಲ. ಚಳಿ ಬೇರೆ. ವರ್ಷದ ದಿನಕ್ಕೆ ಎರಡು ದಿನವಿದೆ ಎನ್ನುವಾಗ ನನ್ನ ಮೆಂತೆ ಮೂರು ಬೆರಳು ಎದ್ದಿತ್ತು. ಕಿತ್ತರೆ ಒಂದು ಹಿಡಿ ಆಗುವುದೂ ಕಷ್ಟ. ಗೋಡೆಯ ಆಚೆ ಗೇಣುದ್ದ. ನನ್ನ ಹೊಟ್ಟೆಯ ಕಿಚ್ಚು ಮತ್ತೆ ಎದ್ದಿತು. ಅದನ್ನು ಹೊತ್ತುಕೊಂಡೇ ಅವರ ಬಾಗಿಲಿಗೆ ಹೋದೆ.

“ಬಾಯಾರ, ನಾಡದು ಆಕಿ ವರ್ಷದ ದಿನ. ನೀವು ಬರಬೇಕು.” ಎಂದೆ. “ನನ್ನ ಮೆಂತೆ ಸಾಲೂದಿಲ್ಲ. ನಿಮ್ಮದು ಒಂದು ಕಟ್ಟು ಬೇಕು.”

“ಬ್ಯಾರೆಯವರದ್ದು ಬ್ಯಾಡ ಅಂತ ಸಂಕಲ್ಪ ಮಾಡಿದ್ದೀರಂತಲ್ಲಾ? ಭುವನೇಶ್ವರಿ ಹೇಳಿದ್ಲು.”

“ಬ್ಯಾರೆಯವರದ್ದು ಬ್ಯಾಡ ಅಂತ ಹೌದ್ರಿ. ಅದಕ್ಕs ನಿಮ್ಮನ್ನ ಕೇಳಾಕ ಬಂದೇನಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. “ನಾನs ಕೊಯ್ದು ತರ್ತೇನಿ. ನಿಮ್ಮ ಕೈಗೆ ಕೊಟ್ರ ಬೇರು ಸಹಿತ ಕೀಳ್ತೀರಿ.”

ವರ್ಷದ ದಿನ ಬೆಳಿಗ್ಗೆ ಅವರು ಸ್ನಾನ ಮಾಡಿ, ಹಳೆಯ ಇಳಕಲ್ ಸೀರೆಯುಟ್ಟು ಬಂದರು. ಸೆರಗಿನಲ್ಲಿ ಮೆಂತೆ ಇತ್ತು. ಬಸವೇಶ್ವರಿಯ ಫೋಟೋಕ್ಕೆ ಬಿಲ್ವಪತ್ರೆ ಏರಿಸಿದ್ದೆವು. ಭುವನೇಶ್ವರಿ ಎರಡೂ ಮಡಿಯ ಸೊಪ್ಪನ್ನು ಒಂದೇ ಬೋಗುಣಿಯಲ್ಲಿ ಪಲ್ಯ ಮಾಡಿದಳು. ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಅಯ್ಯನವರು ಮಂತ್ರ ಮುಗಿಸಿ, “ಎಡಿ ಇಡ್ರಿ,” ಎಂದರು. ಎಡೆ ಇಡಬೇಕಾದವನು ನಾನು. ರೊಟ್ಟಿ ಇಟ್ಟೆ, ಹೋಳಿಗೆ ಇಟ್ಟೆ. ಪಲ್ಯದ ಬಟ್ಟಲಿಗೆ ಕೈ ಚಾಚುವಷ್ಟರಲ್ಲಿ ಭಾಗೀರಥೀಬಾಯಿ ತಮಗರಿವಿಲ್ಲದೆ ಅದನ್ನು ಎತ್ತಿಕೊಂಡು, ರೊಟ್ಟಿಯ ಮಗ್ಗುಲಿಗೆ, ಬಸವೇಶ್ವರಿ ಇಡುತ್ತಿದ್ದ ಜಾಗಕ್ಕೇ ಬಾಗಿದ್ದರು.

ಹಳೆಯ ಉರಿ ಒಮ್ಮೆ ಗಂಟಲವರೆಗೆ ಬಂತು. ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅವರು ಇಟ್ಟು ಮುಗಿಸುವವರೆಗೂ ಕಾದೆ.